ಲೆಟರ್ ಬಾಕ್ಸಿನವರೆಗೆ

ಒಂಬತ್ತು ವರ್ಷದ ಮೇಲೆ ಕಾರಿನ ನಾಲ್ಕೂ ಚಕ್ರಗಳು ನೆಲ ಮುಟ್ಟಿದಾಗ ರಸ್ಸೆಲ್‌ಗೆ ಆದದ್ದು ಹಸಿವು. ಬೇರೇನಾದರೂ ಆಗಬೇಕಿತ್ತು. ಕಣ್ಣು ತೇವವಾಗುವುದು, ಗಂಟಲು ಕಟ್ಟುವುದು, ಅಂಥದ್ದೇನಾದರೂ. ಒಂದು ನಿಮಿಷ ಕಾದು ನೋಡಿದ. ಹೊಟ್ಟೆ ಮತ್ತೆ ಗುರ್ ಎಂದಿತು.

"ಏನಾದ್ರೂ ಹೇಳು ಮೇಷ್ಟ್ರೇ," ಎಂದ ನೆವ್, ಜ್ಯಾಕನ್ನು ಕಾಲಿನಿಂದ ಪಕ್ಕಕ್ಕೆ ತಳ್ಳುತ್ತಾ. "ಒಂಬತ್ತು ವರ್ಷದ ಬಸಿರು. ಕೊನೆಗೂ ಹೆರಿಗೆ ಆಯ್ತು."

"ಮಾಂಸದ ಪೈ ಇದೆಯಾ?"

"ಇತ್ತು. ತಿಂದೆ."

ನೆವ್ ಪಕ್ಕದ ಮನೆಯವನು. ಎಪ್ಪತ್ತೊಂದು ವರ್ಷ. ಬೆಂಡಿಗೋದಲ್ಲಿ ಗುದ್ದಿಸಿಕೊಂಡು ಬಂದ ಕಾರುಗಳ ತಗಡು ಬಡಿದು ನೆಟ್ಟಗೆ ಮಾಡುತ್ತಲೇ ನಲವತ್ತು ವರ್ಷ ಕಳೆದವನು. ರಸ್ಸೆಲ್ ಟ್ರಿವಾಸ್ಕಿಸ್ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಾನೆ. ಎರಡು ತುದಿಗೆ ಆಧಾರ ಕೊಟ್ಟು ನಡುವೆ ಭಾರ ಹೇರಿದರೆ ತೊಲೆ ಹೇಗೆ ಬಾಗುತ್ತದೆಂದು ಇಪ್ಪತ್ತೆರಡು ವರ್ಷದಿಂದ ಬೋರ್ಡಿನ ಮೇಲೆ ಬರೆಯುತ್ತಾ ಬಂದಿದ್ದಾನೆ. ಆದರೆ ಬಾಗಿಲುಗಳ ಕೆಳಗಿನ ತುಕ್ಕು ಹಿಡಿದ ಉದ್ದ ಪಟ್ಟಿಗಳನ್ನು ಕತ್ತರಿಸಿ ಹೊಸದು ಕೂರಿಸುವ ದಿನ, "ಮೊದಲು ಒಳಗೆ ಎರಡು ಕಬ್ಬಿಣದ ಪೈಪ್ ಬೆಸುಗೆ ಹಾಕಿ ಬಿಗಿ ಮಾಡ್ಕೋ, ಇಲ್ಲಾಂದ್ರೆ ಬಾಡಿ ನಡುವೆ ಕೂತ್ಕೊಳ್ಳುತ್ತೆ" ಎಂದು ನೆವ್ ಹೇಳಿದ್ದನ್ನು ಅವನು ನಕ್ಕು ತಳ್ಳಿಹಾಕಿದ್ದ. ಒಂದು ಮಧ್ಯಾಹ್ನದ ಕೆಲಸಕ್ಕೆ ಅಷ್ಟೆಲ್ಲ ಯಾಕೆ.

ಕಾರು ಎಪ್ಪತ್ತನೇ ಇಸವಿಯ ಟೊರಾನಾ, ಎರಡು ಬಾಗಿಲಿನದು. ಯಾರದೋ ಕೋಳಿಗೂಡಿನ ಪಕ್ಕ ಬಿದ್ದಿತ್ತು. ಒಂದು ಬೇಸಿಗೆಯ ಕೆಲಸ ಎಂದು ಹೆಂಡತಿಗೆ ಹೇಳಿ ತಂದಿದ್ದ. ಆ ಬೇಸಿಗೆಯಲ್ಲಿ ಹೀದರ್ ಕೂಡ ಪಕ್ಕದಲ್ಲಿ ಕೂತು ಉಪ್ಪುಕಾಗದ ಉಜ್ಜಿದ್ದಳು, ಮೂಗಿನ ಮೇಲೆ ಕೆಂಪು ಧೂಳು. ಆಮೇಲೆ ಯಾವಾಗ ಬಿಟ್ಟಳೆಂದು ಅವನಿಗೆ ನೆನಪಿಲ್ಲ. ಅವನು ಮಾತ್ರ ಬಿಡಲಿಲ್ಲ. ಚಕ್ರ ಅಗಲ ಮಾಡಿಸಿದ. ಗಾಜು ಇಳಿಸಲು ತಿರುಗಿಸುವ ಹಿಡಿ ಕಿತ್ತು ಮೋಟಾರು ಕೂರಿಸಿದ. ಅದರ ವೈರು ಎಳೆಯುವುದೊಂದು ಬಾಕಿ. ಬಾಗಿಲುಗಳ ಹೊರಗಿನ ಹಿಡಿಗಳನ್ನೂ ತೆಗೆದು, ತೂತು ಮುಚ್ಚಿ, ಉಜ್ಜಿ ಉಜ್ಜಿ ಬಣ್ಣ ಹೊಡೆದ. ಹೊರಗಿನಿಂದ ನೋಡಿದವರಿಗೆ ಇದನ್ನು ಎಲ್ಲಿಂದ ತೆರೆಯುವುದೆಂದೇ ತಿಳಿಯಬಾರದು. ಅದೇ ಈಗಿನ ಸೊಗಸು.

ಗುರುವಾರ ಅವನು ಕಾರಿನ ಕೆಳಗೆ ಮಲಗಿದ್ದಾಗ ಹೀದರಳ ಬೂಟುಗಳು ಬಂದು ನಿಂತಿದ್ದವು.

"ಸೋಮವಾರ ವಾರ್ನಂಬೂಲ್‌ಗೆ ಹೋಗ್ತಿದೀನಿ. ಜನೀನ್ ಹತ್ರ."

ಜನೀನ್ ಅವಳ ತಂಗಿ.

"ಎಷ್ಟು ದಿನ?"

"ನೋಡೋಣ."

ಬೂಟುಗಳು ಅಲ್ಲೇ ಇದ್ದವು. ಏನೋ ಹೇಳಬೇಕಿತ್ತು. "ಆ ಅರ್ಧ ಇಂಚಿನ ಸ್ಪ್ಯಾನರ್ ಕೊಡ್ತೀಯಾ?" ಎಂದ. ಅವಳು ಹುಡುಕಲೂ ಇಲ್ಲ, ಸರಿಯಾದ ಸ್ಪ್ಯಾನರನ್ನೇ ತೆಗೆದುಕೊಟ್ಟಳು. ಅವಳು ತಪ್ಪು ಸ್ಪ್ಯಾನರ್ ಕೊಟ್ಟಿದ್ದರೆ ಅವನಿಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಇವತ್ತು ಭಾನುವಾರ. ಹೋಗಬೇಡ ಎನ್ನಬೇಕು. ಮೂರು ದಿನದಿಂದ ವಾಕ್ಯ ಕಟ್ಟುತ್ತಿದ್ದಾನೆ, ಪ್ರತಿ ಸಲವೂ ಐದು ಅಂಕದ ಪ್ರಶ್ನೆಯಾಗಿ ಹೊರಬರುತ್ತದೆ. ಊಟದ ಮೇಜಿನಲ್ಲಿ ಎದುರುಬದುರು ಕೂತು ಅಂಥ ಮಾತಾಡಲು ಆಗುವುದಿಲ್ಲ. ಕಾರಿನಲ್ಲಿ ಆದೀತು. ಅಲ್ಲಿ ಮುಖ ನೋಡಬೇಕಿಲ್ಲ, ಇಬ್ಬರೂ ಮುಂದೆ ನೋಡುತ್ತಿದ್ದರಾಯಿತು. ಮದುವೆಗೆ ಮುಂಚೆ ಆಡಿದ ಮಾತೆಲ್ಲ ಹಾಗೆ ಆಡಿದ್ದೇ.

ಅವಳು ಮಲಗುವ ಕೋಣೆಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಮಂಚದ ಮೇಲೆ ಸೂಟ್‌ಕೇಸ್ ಬಾಯಿ ತೆರೆದಿತ್ತು.

"ಒಂದು ರೌಂಡ್ ಹೋಗೋಣ್ವಾ?"

"ನಂಬರ್ ಪ್ಲೇಟೇ ಇಲ್ಲ. ಎಲ್ಲಿಗೆ?"

"ಲೆಟರ್ ಬಾಕ್ಸಿನವರೆಗೆ."

"ಭಾನುವಾರ ಪೋಸ್ಟ್ ಬರಲ್ಲ."

"ಗೊತ್ತು."

"ಬುತ್ತಿ ಕಟ್ಕೊಳ್ಲಾ?" ಎಂದಳು ಹೀದರ್. ನಕ್ಕಳು ಕೂಡ. ಇಸ್ತ್ರಿಪೆಟ್ಟಿಗೆಯ ಸ್ವಿಚ್ ಆರಿಸಿ, ನಿಜವಾಗಿ ಎಲ್ಲೋ ಹೊರಟವಳಂತೆ ಕೋಟು ಹಾಕಿಕೊಂಡು ಬಂದಳು. ರಸ್ಸೆಲ್‌ಗೆ ಆ ಕೋಟು ನೋಡಿ ಧೈರ್ಯ ಬಂತು.

ಇಬ್ಬರೂ ಒಳಗೆ ಕೂತರು. ಬಾಗಿಲುಗಳು ಒಂದೇ ಸಲಕ್ಕೆ ಹಾಕಿಕೊಳ್ಳಲಿಲ್ಲ. ನೆವ್ ಹೊರಗಿನಿಂದ ಸೊಂಟ ಕೊಟ್ಟು ಒಂದೊಂದಾಗಿ ದೂಡಿದ. "ಅಂಚಿಗೆ ಹೊಸ ರಬ್ಬರು, ಅದಕ್ಕೇ ಬಿಗಿ," ಎಂದ ರಸ್ಸೆಲ್. ನೆವ್ ಬಾಗಿಲಿನ ಮೇಲಂಚನ್ನು ಒಮ್ಮೆ ನೋಡಿ ಸುಮ್ಮನಾದ. ಅವನು ಸುಮ್ಮನಾಗುವುದು ಅಪರೂಪ.

ಎಂಜಿನ್ ಹತ್ತಿತು. ಕಾರು ಹಿಮ್ಮುಖವಾಗಿ ಶೆಡ್ಡಿನಿಂದ ಹೊರಬಿತ್ತು. ಹಿಂದೆ ನೋಡಲು ರಸ್ಸೆಲ್ ಅವಳ ಸೀಟಿನ ಮೇಲೆ ಕೈ ಚಾಚಬೇಕಾಯಿತು. ಅವಳು ಸರಿದು ಕೂರಲಿಲ್ಲ. ಹದಿನಾಲ್ಕು ಮೀಟರ್. ಗೇಟಿನ ಪಕ್ಕದ ಲೆಟರ್ ಬಾಕ್ಸ್ ಬಂತು. ಎಂಜಿನ್ ಆರಿಸಿದ.

"ಹೀದರ್."

"ಹ್ಞೂಂ."

"ಆ ರಬ್ಬರು ಅಡಿಲೇಡಿಂದ ತರಿಸಿದ್ದು. ಒಂಚೂರೂ ಗಾಳಿ ನುಗ್ಗಲ್ಲ."

"ನುಗ್ಗಲ್ಲ," ಎಂದು ಒಪ್ಪಿಕೊಂಡಳು.

ಅವಳು ಕಾಯುತ್ತಿದ್ದಳು. ಕಾಯುತ್ತಿದ್ದಾಳೆಂದು ಅವನಿಗೆ ಗೊತ್ತಿತ್ತು. ಬೇಕಿದ್ದರೆ ರಬ್ಬರಿನ ವಿಷಯ ಇನ್ನೂ ಅರ್ಧ ಗಂಟೆ ಹೇಳಬಲ್ಲವನಾಗಿದ್ದ.

"ಸರಿ, ಇಳೀತೀನಿ. ಇಸ್ತ್ರಿ ಬಾಕಿ ಇದೆ."

ಒಳಗಿನ ಹಿಡಿ ಎಳೆದಳು. ಚಿಲಕ ಟಕ್ ಎಂದಿತು, ಬಾಗಿಲು ಅಲ್ಲಾಡಲಿಲ್ಲ. ಭುಜ ಕೊಟ್ಟು ತಳ್ಳಿದಳು. ಅವನೂ ತನ್ನ ಕಡೆಯದನ್ನು ತಳ್ಳಿದ. ಬಾಗಿಲಿಗೂ ಚೌಕಟ್ಟಿಗೂ ನಡುವೆ ಇರಬೇಕಾದ ಸಂದು ಮೇಲುಗಡೆ ಕಾಣಿಸಲೇ ಇಲ್ಲ.

"ಬಾಗಿದೆ," ಎಂದ.

"ಏನು?"

"ಕಾರು. ನಡುವೆ. ನಮ್ಮ ಭಾರಕ್ಕೆ."

"ಇಬ್ಬರದ್ದೂ ಸೇರಿ ಅಷ್ಟೊಂದಾ," ಎಂದಳು ಹೀದರ್.

ನೆವ್ ಬಂದು ಬಾಗಿಲಿನ ಮೈಮೇಲೆ ಅಂಗೈ ಆಡಿಸಿದ. ಹಿಡಿಯಲು ಏನೂ ಸಿಗಲಿಲ್ಲ. ಗಾಜಿನ ಹತ್ತಿರ ಬಾಗಿ, "ಹಿಡಿ ಎಲ್ಲಿಟ್ಟೆ ಮೇಷ್ಟ್ರೇ?" ಎಂದ.

"ತೆಗೆದುಹಾಕಿದೆ," ಎಂದು ರಸ್ಸೆಲ್ ಒಳಗಿನಿಂದ ಕೂಗಿದ.

ನೆವ್ ಹೊಟ್ಟೆ ಹಿಡಿದುಕೊಂಡು ನಕ್ಕ. ಆಮೇಲೆ ಹೋಗಿ ಜ್ಯಾಕನ್ನು ದಡದಡ ಎಳೆದು ತಂದ. ಮಂಡಿಯೂರಿ ಅದನ್ನು ಕಾರಿನ ನಡುವಿನ ಕೆಳಗೆ ಸರಿಸಿದ. ಎದ್ದು ಮತ್ತೆ ಗಾಜಿನ ಹತ್ತಿರ ಮುಖ ತಂದ.

"ನಡು ಎತ್ತಿದ್ರೆ ಬಾಗಿಲು ಬಿಟ್ಕೊಳ್ಳುತ್ತೆ. ಬಣ್ಣ ಬಿರುಕು ಬಿಡಬಹುದು, ಆಮೇಲೆ ನನ್ನನ್ನ ಬೈಬೇಡ. ಎತ್ತಲಾ?"

ಎರಡು ನಿಮಿಷದ ಕೆಲಸ. ಬಾಗಿಲು ತೆರೆಯುತ್ತದೆ. ಅವಳು ಇಳಿಯುತ್ತಾಳೆ, ಇಸ್ತ್ರಿ ಮುಗಿಸುತ್ತಾಳೆ, ಬೆಳಗಾದರೆ ಸೋಮವಾರ. ರಸ್ಸೆಲ್‌ಗೆ ಹೆದರಿಕೆಯಾಯಿತು, ಒಂಬತ್ತು ವರ್ಷದಲ್ಲಿ ಒಮ್ಮೆಯೂ ಆಗದಷ್ಟು. ಅವನು ಕಿವಿಯ ಮೇಲೆ ಅಂಗೈ ಇಟ್ಟುಕೊಂಡು, ತಿಳಿಯಲಿಲ್ಲ ಎಂಬಂತೆ ತಲೆಯಾಡಿಸಿದ.

"ಎತ್ತಲಾ ಅಂತ ಕೇಳ್ತಿದಾನೆ," ಎಂದಳು ಹೀದರ್.

"ಏನೋ ಹೇಳ್ತಿದಾನೆ. ಕೇಳಿಸ್ತಿಲ್ಲ."

"ನಂಗೆ ಕೇಳಿಸ್ತಿದೆ."

ಅವಳು ಅವನನ್ನೇ ಸ್ವಲ್ಪ ಹೊತ್ತು ನೋಡಿದಳು. ಹೊರಗಿದ್ದವನಿಗೆ ಅವಳೇ ಹ್ಞೂಂ ಎನ್ನಬಹುದಿತ್ತು. ಅನ್ನಲಿಲ್ಲ. ಕೋಟಿನ ಗುಂಡಿಯೊಂದನ್ನು ಬಿಚ್ಚಿದಳು, ಮತ್ತೆ ಹಾಕಿಕೊಂಡಳು.

ನೆವ್ ಇಡೀ ಬೀದಿಗೆ ಕೇಳಿಸುವಂತೆ ಮತ್ತೆ ಕೂಗಿದ. ನಾಯಿ ಸುತ್ತಾಡಿಸುತ್ತಿದ್ದ ಹೆಂಗಸೊಬ್ಬಳು ನಿಂತು ನೋಡಿದಳು. ರಸ್ಸೆಲ್ ಗಾಜಿನ ಹಿಂದೆ, ಉತ್ತರ ತಪ್ಪಿದ ಹುಡುಗರತ್ತ ನಗುವ ನಗೆಯನ್ನೇ ಮುಖದ ಮೇಲಿಟ್ಟುಕೊಂಡು, ಕಿವಿಯ ಕೈ ತೆಗೆಯದೆ ಕೂತಿದ್ದ. ಅವರ ಕೆಳಗೆ ಎಲ್ಲೋ ಬೆಸುಗೆಯೊಂದು ಕಿರ್ ಎಂದಿತು. ಕಾರಿನ ನಡು ಇನ್ನೊಂದು ಕೂದಲೆಳೆಯಷ್ಟು ಇಳಿಯಿತು.