ಝಿಪರಿಗೆ ಹಾಲಿಳಿದ ದಿನ

ಠಕುಬಾಯಿಯ ಕೈ ಸುಳ್ಳು ಹೇಳುವುದಿಲ್ಲ ಎಂದು ಆ ಬಿಡಾರದಲ್ಲಿ ಎಲ್ಲರೂ ನಂಬಿದ್ದರು. ಗಬ್ಬದ ಕುರಿಯ ಕೆಚ್ಚಲಿಗೆ ಒಮ್ಮೆ ಅಂಗೈ ಕೊಟ್ಟಳೆಂದರೆ ಸಾಕು, ಇವತ್ತು ಈಯುತ್ತದೋ ನಾಳಿದ್ದು ಈಯುತ್ತದೋ ಹೇಳಿಬಿಡುತ್ತಿದ್ದಳು. ಬಿಡಾರ ಏಳಬೇಕೋ ನಿಲ್ಲಬೇಕೋ ಎಂಬುದು ಆ ಮಾತಿನ ಮೇಲೆಯೇ ತೀರ್ಮಾನವಾಗುತ್ತಿತ್ತು. ಗಂಡ ಧುಳಬಾ ಮುನ್ನೂರು ಕುರಿಗಳ ಯಜಮಾನ, ಬಾಯಿ ಜೋರು, ಮುಂಡಾಸು ಇನ್ನೂ ಜೋರು. ಆದರೂ ಈ ಒಂದು ವಿಷಯಕ್ಕೆ ಹೆಂಡತಿಯ ಮುಖ ನೋಡದೆ ಹೆಜ್ಜೆ ಎತ್ತುತ್ತಿರಲಿಲ್ಲ.

ದೀಪಾವಳಿ ಮುಗಿಸಿ ಕುರಿಗಾಹಿ ಧನಗರರು ನೀರಾ ನದಿಯ ದಂಡೆ ಹಿಡಿದು ಕೊಂಕಣದ ಕಡೆ ಹೊರಟಿದ್ದರು. ದಾರಿಯಲ್ಲಿ ಜಾಲಿಂದರ ಎಂಬ ರೈತನ ಹೊಲದಲ್ಲಿ ಗೊಬ್ಬರಕ್ಕೆಂದು ಮೂರು ರಾತ್ರಿ ಕುರಿ ನಿಲ್ಲಿಸಿದ್ದಾಗಿತ್ತು. ಕುರಿ ಎದ್ದ ದಿನವೇ ಹೊಲಕ್ಕೆ ಟ್ರಾಕ್ಟರು ಬರುತ್ತದೆ. ಹಿಕ್ಕೆ ಬಿಸಿಲಿಗೆ ಒಣಗುವ ಮೊದಲು ಮಣ್ಣಿನೊಳಗೆ ಹೋಗಬೇಕಲ್ಲ! ಇದು ಬಿಡಾರದ ಕೂಸುಗಳಿಗೂ ಗೊತ್ತಿದ್ದ ಮಾತು.

ಹೊತ್ತು ಹುಟ್ಟುವಾಗ ಸೊಸೆ ರಖಮಾ ಕುದುರೆಯ ಮೇಲೆ ಗಂಟು ಬಿಗಿಯುತ್ತಾ ಮೆಲ್ಲಗೆ ಮಾತು ತೆಗೆದಳು.

"ಅತ್ತೀ, ಝಿಪರಿ ನಿನ್ನಿ ಸಂಜಿಯಿಂದ ಒಂದು ತುತ್ತೂ ಮುಟ್ಟಿಲ್ರಿ. ಹಾಲಾಗ ನೆನಸಿದ ಭಾಕರಿ ಹಂಗ ಐತಿ. ನೀವು ಮಲಗಿದ್ದ ಜಾಗಾನ ಕೆರದು ಕೆರದು ಕುಣಿ ಮಾಡೇತಿ. ನೋಡ್ರಿ, ಹೆಂಗ ನಡಗಾಕತ್ತೇತಿ."

ಝಿಪರಿ ಜಡೆಗೂದಲಿನ ಕರಿ ನಾಯಿ. ಕಣ್ಣು ಬಿಡದ ಮರಿಯಾಗಿದ್ದಾಗಲೇ ತಾಯಿಯನ್ನು ತೋಳ ಹೊತ್ತುಕೊಂಡು ಹೋಗಿತ್ತು. ಠಕುಬಾಯಿ ಅದನ್ನು ಮಡಿಲಲ್ಲಿಟ್ಟು, ಬಟ್ಟೆಯ ತುದಿ ಹಾಲಲ್ಲಿ ಅದ್ದಿ ಚೀಪಿಸಿ ಬದುಕಿಸಿದ್ದಳು. ಮಕ್ಕಳಿಗೂ ಅಷ್ಟು ಮಾಡಿರಲಿಲ್ಲ ಎಂದು ಧುಳಬಾ ಹಂಗಿಸುತ್ತಿದ್ದ. ಈಗ ಅದಕ್ಕೆ ಚೊಚ್ಚಲ ಬಸಿರು. ನಸುಕಿನಿಂದ ಅವಳ ಕಾಲಿಗೆ ಕಾಲು ತಗುಲಿಸಿಕೊಂಡೇ ತಿರುಗುತ್ತಿತ್ತು, ನಡುನಡುವೆ ತನ್ನ ಬಾಲದ ಕಡೆ ತಿರುಗಿ ನೋಡಿಕೊಳ್ಳುತ್ತಿತ್ತು.

ಠಕುಬಾಯಿ ಕುಕ್ಕರಗಾಲಲ್ಲಿ ಕೂತು ಅದರ ಹೊಟ್ಟೆಯ ಕೆಳಗೆ ಕೈ ಹಾಕಿದಳು. ಝಿಪರಿ ಅಲುಗಾಡದೆ ನಿಂತಿತು. ಒಂದೊಂದೇ ಮೊಲೆ ಒತ್ತಿ ನೋಡಿದಳು. ಒಂದು ಹನಿಯೂ ಇಲ್ಲ.

"ಒಣಾ ಒಣಾ ಐತಿ. ಹಾಲಿಲ್ಲದ ಯಾವ ತಾಯಿ ಈದಾಳ? ಇನ್ನ ನಾಕು ದಿನ ಐತಿ, ಏಳ್ರಿ."

"ಚೊಚ್ಚಲು ಅಲ್ರಿ ಅತ್ತೀ, ನಮ್ಮ ತವರಿನ ನಾಯಿ ಈದ ಮ್ಯಾಲ ಹಾಲು ಇಳಿಸಿತ್ತು..."

"ನಿಮ್ಮ ತವರಿನ ಪುರಾಣ ಮುಂದಿನ ಬಿಡಾರದಾಗ ಹೇಳುವಂತಿ. ಈಗ ಕೋಳಿ ಬುಟ್ಟಿ ಎತ್ತು."

"ಏನಂತೀ, ನಿಲ್ಲೂಣೇನು?" ಎಂದ ಧುಳಬಾ ದೂರದಿಂದ.

"ನಾಯಿಗಾಗಿ ಬಿಡಾರ ನಿಂತಿದ್ದು ಯಾವ ಕಾಲಕ್ಕ ಕೇಳೀರಿ? ಹೊಡೀರಿ ಕುರಿ!"

ಅಯ್ಯೋ, ಕುರಿಗೂ ನಾಯಿಗೂ ಒಂದೇ ಅಳತೆಯೇ? ಊಟ ಬಿಟ್ಟಿತ್ತು, ನಡುಗುತ್ತಿತ್ತು, ನೆಲ ಕೆರೆದಿತ್ತು, ಇನ್ನೆಷ್ಟು ಹೇಳಬೇಕಿತ್ತು ಆ ಮೂಕ ಪ್ರಾಣಿ? ಆದರೆ ಕೈಯನ್ನೇ ನಂಬಿ ಕೂತವರಿಗೆ ಕಣ್ಣು ಕಾಣದಾಗುತ್ತದೆ.

ಕಾಲುವೆಯ ಸೇತುವೆಯವರೆಗೆ ಝಿಪರಿ ಕುದುರೆಯ ಹಿಂದೆ ಬಂದದ್ದನ್ನು ಎಲ್ಲರೂ ನೋಡಿದ್ದರು. ಆಮೇಲೆ ಸೇತುವೆಯ ಮೇಲೆ ಲಾರಿಯೊಂದು ಬಂದು ಕುರಿಗಳು ಚೆಲ್ಲಾಪಿಲ್ಲಿಯಾಗಿ, ಆ ಗದ್ದಲದಲ್ಲಿ ಯಾರ ಲಕ್ಷ್ಯವೂ ಅದರ ಮೇಲೆ ಇರಲಿಲ್ಲ. ಎರಡು ಹರದಾರಿ ನಡೆದು ಹೊಸ ಜಾಗದಲ್ಲಿ ಒಲೆ ಹೂಡಿ, ಠಕುಬಾಯಿ ಭಾಕರಿಯ ಚೂರು ಕೈಯಲ್ಲಿ ಹಿಡಿದು "ಝಿಪರೀ" ಎಂದು ಕೂಗಿದಳು. ಮತ್ತೆ ಕೂಗಿದಳು. ರಖಮಾ ಬಂದ ದಾರಿಯ ಕಡೆ ನೋಡಿದಳು.

ಠಕುಬಾಯಿಗೆ ಜಾಲಿಂದರನ ಹೊಲ ನೆನಪಾಯಿತು. ಟ್ರಾಕ್ಟರು! ಭಾಕರಿಯ ಚೂರು ಕೈಯಲ್ಲಿದ್ದ ಹಾಗೆಯೇ ಹೊರಟುಬಿಟ್ಟಳು.

ಬಿಸಿಲು ನೆತ್ತಿಗೇರಿತ್ತು. ಅರ್ಧ ದಾರಿಯಲ್ಲಿ ಅವಳಿಗೆ ತನ್ನ ಬಾಯಿಂದಲೇ ಬಂದ ಮಾತು ನೆನಪಾಯಿತು: ಇನ್ನ ನಾಕು ದಿನ ಐತಿ. ಇಪ್ಪತ್ತೆಂಟು ವರ್ಷದ ಹಿಂದೆ, ಇಂಥದೇ ಒಂದು ಹೊಲದಲ್ಲಿ, ಅವಳ ಅತ್ತೆ ಅವಳ ಹೊಟ್ಟೆಯ ಮೇಲೆ ಕೈಯಿಟ್ಟು ಹೇಳಿದ್ದೂ ಇದೇ ಮಾತು. ಅವಳು ನಡೆದಳು. ಮಧ್ಯಾಹ್ನ ಬದುವಿನ ಮರೆಯಲ್ಲಿ ಹೆತ್ತಳು. ಕೂಸು ಒಂದು ಗಳಿಗೆ ಉಸಿರಾಡಿತು. ಜಾಲಿಯ ಬುಡದಲ್ಲಿ ಅದನ್ನು ಹೂತು, ಸಂಜೆಯೊಳಗೆ ಹಿಂಡನ್ನು ಕೂಡಿಕೊಂಡಳು. ಯಾರಿಗೂ ಜೀವಮಾನದಲ್ಲಿ ಹಾಗೆ ಹೇಳಬಾರದು ಎಂದುಕೊಂಡಿದ್ದಳು. ಎಂಥ ಮರೆವು, ಬಿರೋಬಾ ದೇವರೇ! ಅವಳು ಸೀರೆ ಎತ್ತಿ ಕಟ್ಟಿ ಓಡತೊಡಗಿದಳು.

ಹೊಲ ಕಪ್ಪಗೆ ಮಗುಚಿ ಬಿದ್ದಿತ್ತು. ಟ್ರಾಕ್ಟರು ಹೋಗಿಯಾಗಿತ್ತು. ಜಾಲಿಂದರ ಬದುವಿನ ಮೇಲೆ ಕೂತು ಎಲೆ ಅಡಿಕೆ ಜಗಿಯುತ್ತಿದ್ದವನು ಅವಳನ್ನು ಕಂಡು ಎದ್ದ.

"ಏನ ಬಾಯೀ, ನಿಮ್ಮ ನಾಯಿಗೇನು ಹುಚ್ಚು ಹಿಡದೈತೇನು? ಟ್ರಾಕ್ಟರಿಗೆ ಅಡ್ಡ ಬಿದ್ದು ಬೊಗಳೇ ಬೊಗಳ್ತು. ಡ್ರೈವರ ಹೆಂಟಿ ಒಗದು ಓಡಿಸಿದ, ಮತ್ತ ಬಂತು. ಈಗ ನೋಡು, ಅಲ್ಲೇ ಮಣ್ಣು ಕೆದರತೈತಿ."

"ಕುಣಿ ಇತ್ತಲ್ಲೋ ಅಲ್ಲಿ?"

"ಯಾವ ಕುಣಿ?" ಎಂದ ಅವನು. ಅವಳ ಮುಖ ನೋಡಿ ಬಾಯಲ್ಲಿದ್ದ ಎಲೆ ಅಡಿಕೆ ಉಗುಳಿದ. "ನನಗ ಗೊತ್ತಿರಲಿಲ್ಲವ್ವಾ. ಬಿರೋಬಾನ ಆಣಿ, ಗೊತ್ತಿರಲಿಲ್ಲ."

ಅವನದೇನು ತಪ್ಪು! ಠಕುಬಾಯಿ ಹೆಂಟೆಗಳ ಮೇಲೆ ಎಡವುತ್ತಾ ನಡುಹೊಲಕ್ಕೆ ಹೋದಳು. ಅವಳು ಮೂರು ರಾತ್ರಿ ಕಂಬಳಿ ಹಾಸಿ ಮಲಗಿದ್ದ ಜಾಗವದು. ಝಿಪರಿಯ ಉಗುರು ಕಿತ್ತು ರಕ್ತ ಬಂದಿತ್ತು. ಅವಳೂ ಮಂಡಿಯೂರಿ ಕೈಯಿಂದಲೇ ಅಗೆದಳು. ಮೊದಲು ಒಂದು ಮರಿ ಸಿಕ್ಕಿತು, ಆಮೇಲೆ ಎರಡು ಒಟ್ಟಿಗೇ, ಇನ್ನೂ ಅಗೆದ ಮೇಲೆ ನಾಲ್ಕನೆಯದು. ಒಂದಕ್ಕಾದರೂ ಜೀವವಿದೆಯೇನೋ ಎಂದು ಬಾಯಿಗೆ ಬಾಯಿ ಹಚ್ಚಿ ಊದಿದಳು, ಎದೆ ಉಜ್ಜಿದಳು. ಇರಲಿಲ್ಲ. ಝಿಪರಿ ಒಂದೊಂದರ ಮಣ್ಣನ್ನೂ ನೆಕ್ಕಿ ನೆಕ್ಕಿ ಸ್ವಚ್ಛ ಮಾಡಿ, ಅವಳ ಮುಂದೆ ಮೂತಿಯಿಂದ ದೂಡಿತು. ತನ್ನನ್ನು ಬದುಕಿಸಿದವಳು ಇವನ್ನೂ ಬದುಕಿಸುತ್ತಾಳೆ ಎಂಬ ಹಾಗೆ ಮುಖ ನೋಡಿತು.

ಠಕುಬಾಯಿ ಅತ್ತಳು, ಗಟ್ಟಿಯಾಗಿಯೇ ಅತ್ತಳು. ಬದುವಿನ ಬದಿಯಲ್ಲಿ ನಾಲ್ಕನ್ನೂ ಹೂತು ಕಲ್ಲು ಹೇರಿದಳು. ಭಾಕರಿಯ ಚೂರು ಕೊಟ್ಟರೆ ನಾಯಿ ಮೂಸಲಿಲ್ಲ. "ಬಾ ನನ್ನವ್ವಾ" ಎಂದು ಎಬ್ಬಿಸಲು ಹೊಟ್ಟೆಯ ಕೆಳಗೆ ಕೈ ಹಾಕಿದಳು. ಕೈ ಒದ್ದೆಯಾಯಿತು. ಮೊಲೆಗಳೆಲ್ಲ ಬಿಗಿದು, ಹಾಲು ತಾನಾಗಿಯೇ ಉತ್ತ ಮಣ್ಣಿಗೆ ತೊಟ್ಟಿಕ್ಕುತ್ತಿತ್ತು.

ಕೂಸು ಹೋದ ಮೂರನೆಯ ದಿನ ಅವಳಿಗೂ ಹೀಗೆಯೇ ಇಳಿದಿತ್ತು. "ನೆಲಕ್ಕ ಹಿಂಡವಾ, ಇಲ್ಲಂದ್ರ ಜ್ವರ ಬರತಾವು" ಎಂದಿದ್ದಳು ಅತ್ತೆ. ಕುದುರೆಯ ಮರೆಯಲ್ಲಿ ಕೂತು ಹಿಂಡಿದ್ದಳು.

"ನಾ ನಿನ್ನ ಮೊಲಿ ನೋಡಿದ್ನೇ, ನಿನ್ನ ಮಾರಿ ನೋಡ್ಲಿಲ್ಲ" ಎಂದಳು. ಬೆರಳಿಗೆ ಮೆತ್ತಿದ್ದ ಮಣ್ಣನ್ನು ಸೀರೆಗೆ ಒರೆಸಿಕೊಂಡು, ನೋಯದ ಹಾಗೆ ಒಂದೊಂದೇ ಮೊಲೆಯನ್ನು ಹಿಂಡತೊಡಗಿದಳು. ಬೆಳಗ್ಗೆ ನಿಂತಿದ್ದಂತೆಯೇ, ಆ ಕೈಯ ಕೆಳಗೆ, ಝಿಪರಿ ಅಲುಗಾಡದೆ ನಿಂತಿತು.