ಹಳೇ ಸ್ಕೀಮಿನ ಕೊನೇ ಪೇಪರು

"ಬಿಡ ಯವ್ವಾ, ಕಾಲು ಬಿಡ. ನೀ ಹಿಂಗ ಹಿಡಕೊಂಡು ಕುಂತ್ರ ಅಂವ ಎದ್ದು ಬರ್ತಾನೇನು?"

ಬಂಡೆಪ್ಪ ತನ್ನ ತಮ್ಮನ ಪಾದದಿಂದ ರಾಜಶ್ರೀಯ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದ. ಕಟ್ಟೆಯ ಮೇಲೆ ಗೋಡೆಗೆ ಆನಿಸಿ ಕೂರಿಸಿದ್ದ ಮಾಳಿಂಗರಾಯನ ಹಣೆ ತುಂಬ ಭಂಡಾರದ ಅರಿಸಿನ. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಕೂತ ಅವನು ಇನ್ನೇನು ಹಾಜರಿ ಕರೆಯುತ್ತಾನೆ ಅನ್ನುವ ಹಾಗಿದ್ದ.

"ದೊಡ್ಡಪ್ಪಾ, ಅಪ್ಪಗ ಮಣ್ಣು ಕೊಡಾಕಿ ನಾನ ಅಲ್ಲೇನು? ನಾ ಪರೀಕ್ಷಾಕ ಹೋಗೂದಿಲ್ಲ."

"ಮೊದಲ ಹಿಡಿ ನಿಂದ. ಯಾರ ಇಲ್ಲ ಅಂದಾರ? ಹತ್ತಕ್ಕ ಕುಂತು ಬರದು ಬಾ. ನೀ ಬರೂತನಕ ಅವನ್ನ ಎತ್ತೂದಿಲ್ಲ. ಬೀರಪ್ಪನ ಆಣಿ."

ಆಣೆ ಇಟ್ಟದ್ದೇನೋ ಸರಿ. ಆದರೆ ಬಾಗಿಲಲ್ಲಿ ನಿಂತಿದ್ದ ಪಕ್ಕದ ಮನೆಯ ಹನಮವ್ವನ ನಾಲಿಗೆ ಸುಮ್ಮನಿರಬೇಕಲ್ಲ!

"ಹೆಣಾ ಎತ್ತೂತನಕ ಓಣ್ಯಾಗ ಒಲಿ ಹಚ್ಚೂದಿಲ್ಲ, ಅದರ ಖಬರ ಐತೇನು? ಸಣ್ಣ ಕೂಸುಗಳು ಹೊತ್ತು ಇಳಿಯೂತನಕ ಉಪಾಸ ಇರಬೇಕೇನು? ಇಂಥಾ ಬಿಸಲಾಗ ಹೆಣಾ ಇಟಗೊಂಡು ಕಾಯೂದಂದ್ರ…"

ರಾಜಶ್ರೀಯ ತಾಯಿ ಸುಂದರವ್ವ ಸತ್ತ ಗಂಡನ ಪಕ್ಕದಿಂದಲೇ ಮಾತಾಡಿದಳು. "ಕೂಸುಗಳಿಗೆ ಚುರಮರಿ ತರಸ್ತೇನಿ. ದೊಡ್ಡವರು ಇವತ್ತೊಂದಿನ ತಡಕೋರಿ. ಆಕಿ ಹೋಗ್ಲಿ. ಬರೀಬೇಕು ಅನ್ನೂದು ಅವರದ ಮಾತು."

ಅಷ್ಟಾದ ಮೇಲೆ ಹನಮವ್ವ ಸೆರಗು ಬಾಯಿಗೆ ಇಟ್ಟುಕೊಂಡಳು. ಬಾಯಿ ಜೋರು ಅಷ್ಟೇ, ಕರುಳು ಒಳ್ಳೆಯದು.

ಅಮೀನಗಡದ ಕರದಂಟಿನ ಅಂಗಡಿಯ ಫಕ್ರುಸಾಬ ಬೈಕು ಚಾಲೂ ಮಾಡಿಕೊಂಡು ನಿಂತಿದ್ದ. ನಿನ್ನೆ ಸಂಜೆ ಅವನ ಅಂಗಡಿಯಲ್ಲೇ ಮಾಳಿಂಗರಾಯ ಎದೆ ಹಿಡಿದುಕೊಂಡು ಬಿದ್ದದ್ದು. ದವಾಖಾನೆ ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ರಾಜಶ್ರೀ ಹಿಂದೆ ಕೂತಾಗ ಅವನು ಕಿಸೆಯಿಂದ ಒಂದು ಪೆನ್ನು ತೆಗೆದು ಕೊಟ್ಟ.

"ಸರ್ ಕಿಸೆದಾಗ ಇತ್ತವ್ವಾ. ನಮ್ಮ ರಾಜಿ ಪರೀಕ್ಷಾಕ ಅಂತ ನಿನ್ನೆನ ತಗೊಂಡಿದ್ರು."

ಹೊಸ ಪೆನ್ನು. ಒಂದು ಗೆರೆ ಎಳೆದರೆ ಉದುರುವ ಮೇಣದ ಹನಿ ಮೂತಿಯ ಮೇಲೆ ಇನ್ನೂ ಹಾಗೇ ಇತ್ತು.

*

ಮಾಳಿಂಗರಾಯ ಸರಕಾರಿ ಡಿಗ್ರಿ ಕಾಲೇಜಿನಲ್ಲಿ ಇಪ್ಪತ್ತು ವರ್ಷ ಇತಿಹಾಸ ಹೇಳಿದ. ಇಪ್ಪತ್ತು ವರ್ಷವೂ ಅತಿಥಿ ಉಪನ್ಯಾಸಕನೇ. ಬೇಸಿಗೆಗೆ ಮನೆಗೆ ಕಳಿಸುವುದು, ಮಳೆಗಾಲಕ್ಕೆ ಮತ್ತೆ ಕರೆಯುವುದು. ಎಂ.ಫಿಲ್. ಇದ್ದವರಿಗೆ ಮೊದಲ ಮಣೆ ಅಂದರು. ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು ಓದಿ ಎಂ.ಫಿಲ್. ಮಾಡಿದ. ಅದು ನಡೆಯುವುದಿಲ್ಲ, ನೆಟ್ ಆಗಬೇಕು, ಇಲ್ಲವೇ ಪಿಎಚ್.ಡಿ. ಬೇಕು ಅಂದರು. ಅಷ್ಟರಲ್ಲಿ ಅವನ ತಲೆ ನರೆತಿತ್ತು. ಚಿಣಿಕೋಲು ಆಡುವ ಹುಡುಗರು ನಡುವೆ ಗೆರೆ ಸರಿಸಿದರೆ ಕೊರಳಪಟ್ಟಿ ಹಿಡಿಯಬಹುದು. ಸರಕಾರದ ಕೊರಳಪಟ್ಟಿ ಎಲ್ಲಿರುತ್ತದೋ ಯಾರಿಗೆ ಗೊತ್ತು!

ಹೋದ ವರ್ಷದ ಆದೇಶದಲ್ಲಿ ಅವನು ಹೊರಗೆ ಬಿದ್ದ. ಅವನ ಕ್ಲಾಸುಗಳು ಅವನದೇ ಶಿಷ್ಯೆ ಜಾಸ್ಮಿನಳ ಪಾಲಿಗೆ ಬಂದವು. ಅವಳು ಮನೆಗೆ ಬಂದು ಕಣ್ಣೀರು ಹಾಕಿದಾಗ ಇವನೇ ಸಮಾಧಾನ ಹೇಳಿದ. "ಮತ್ತ ಯಾರಿಗರ ಹೋಗಿದ್ರ ಹೊಟ್ಟಿ ಉರೀತಿತ್ತು. ನಿನಗ ಬಂತಲ್ಲ, ಅಷ್ಟ ಸಾಕು."

ಹೊಟ್ಟೆ ಉರಿಯಲಿಲ್ಲ ಅಂದದ್ದು ಸುಳ್ಳು. ಆ ರಾತ್ರಿ ಅವನು ಉಣ್ಣಲಿಲ್ಲ.

ಆಮೇಲೆ ಫಕ್ರುಸಾಬನ ಅಂಗಡಿಯಲ್ಲಿ ಕರದಂಟಿನ ಡಬ್ಬಿ ಕಟ್ಟುವ ಕೆಲಸ. ಬಸ್ಸು ನಿಂತಾಗ ಕಿಟಕಿಯಿಂದ "ನಮಸ್ಕಾರ್ರಿ ಸರ್" ಎಂದು ಹಳೆಯ ವಿದ್ಯಾರ್ಥಿಗಳು ಕೂಗುತ್ತಿದ್ದರು. ಮೊದಮೊದಲು ಬೆಲ್ಲದ ಪೆಂಟೆಗಳ ಹಿಂದೆ ಅಡಗುತ್ತಿದ್ದ. ಬರಬರುತ್ತ ಕಿಟಕಿಗೇ ಹೋಗಿ ಒಂದೊಂದು ತುಂಡು ಕೈಗಿಟ್ಟು, "ಏನ ಓದಾಕತ್ತೀಲೇ ಈಗ?" ಎಂದು ಕೇಳುತ್ತಿದ್ದ.

ರಾಜಶ್ರೀಗೆ ಟೈಫಾಯ್ಡ್ ಆಗಿ ಒಂದು ಪೇಪರು ಉಳಿದಿತ್ತು, ಅದೂ ಇತಿಹಾಸದ್ದೇ. ಅಷ್ಟರಲ್ಲಿ ಡಿಗ್ರಿಯ ಪದ್ಧತಿಯೇ ಬದಲಾಗಿ, ಅವಳದು ಹಳೇ ಸ್ಕೀಮು ಆಗಿಹೋಯಿತು. ಹಳೇ ಸ್ಕೀಮಿನವರಿಗೆ ಇದೇ ಕೊನೆಯ ಅವಕಾಶ, ತಪ್ಪಿದರೆ ಡಿಗ್ರಿ ಇಲ್ಲ ಎಂದು ಕಾಲೇಜಿನಲ್ಲಿ ನೋಟೀಸು ಅಂಟಿಸಿದ್ದರು. ದಿನಾ ಸಂಜೆ ಕೈಗಂಟಿದ ಬೆಲ್ಲ ತೊಳೆದು ಅಪ್ಪ ಪಾಠಕ್ಕೆ ಕೂರುತ್ತಿದ್ದ.

"ನನ್ನಂಗ ಅರ್ಧಾ ಹಾದ್ಯಾಗ ನಿಲ್ಲಬ್ಯಾಡ ರಾಜಿ. ನಾ ಸತ್ತು ಬಿದ್ರೂ ಈ ಪೇಪರ್ ಬರದ ಬಾ."

"ಬಾಯಿಗೆ ಬೆಂಕಿ ಹಾಕ್ರಿ!" ಎಂದು ಸುಂದರವ್ವ ಬೈದಿದ್ದಳು. ಮೂವರೂ ನಕ್ಕಿದ್ದರು.

*

ಹಳೇ ಸ್ಕೀಮಿನವರು ನಾಲ್ಕೇ ಜನ, ಕೊನೆಯ ಖೋಲಿಯಲ್ಲಿ ಕೂತಿದ್ದರು. ಗಂಟೆ ಹೊಡೆಯಿತು. ಜಾಸ್ಮಿನ ಮೇಡಂ ಪ್ರಶ್ನೆಪತ್ರಿಕೆಯ ಲಕೋಟೆ ಒಡೆದು, ಒಂದು ಪ್ರತಿ ಓದಿ, ತಿರುವಿ ಮತ್ತೊಮ್ಮೆ ಓದಿದಳು. ಅವಳ ಮುಖ ಇಳಿಯಿತು.

"ಇದು ಹೊಸ ಸ್ಕೀಮಿಂದು," ಅಂದಳು. "ತಡೀರಿ, ಕೇಳಿ ಬರ್ತೇನಿ."

ಪ್ರಾಚಾರ್ಯರು ವಿಶ್ವವಿದ್ಯಾಲಯಕ್ಕೆ ಫೋನು ಹಚ್ಚಿದರು. ಆ ಕಡೆಯವರು ಇನ್ನೊಬ್ಬರಿಗೆ ಕೊಟ್ಟರು, ಇನ್ನೊಬ್ಬರು ಮತ್ತೊಬ್ಬರಿಗೆ. ಹಳೇ ಸ್ಕೀಮಿನವರು ಇನ್ನೂ ಅದಾರೇನು ಎಂದು ಒಬ್ಬರು ಕೇಳಿದರಂತೆ. ಈಗ ಬರುತ್ತದೆ, ಈ-ಮೇಲಿನಲ್ಲಿ ಕಳಿಸುತ್ತಾರೆ, ಯಾರೂ ಏಳಬೇಡಿ ಎಂದರು. ಎದ್ದು ಹೋದರೆ ಗೈರುಹಾಜರಿ.

ರಾಜಶ್ರೀ ಏಳಲಿಲ್ಲ. ಮನೆಯ ಕಟ್ಟೆಗೆ ಬಿಸಿಲು ಬಂದಿರುತ್ತದೆ, ಅಪ್ಪನ ಮುಖಕ್ಕೆ ಯಾರಾದರೂ ನೆರಳು ಮಾಡಿರುತ್ತಾರೋ ಇಲ್ಲವೋ. ಎದುರಿನ ಬೆಂಚಿನ ಮೇಲೆ ಪೆನ್ನು ಸುಮ್ಮನೆ ಬಿದ್ದಿತ್ತು. ಬರೆಯುವ ಹಾಳೆಯನ್ನೂ ಇನ್ನೂ ಕೊಟ್ಟಿರಲಿಲ್ಲ.

ಮುಗಿಯುವ ಗಂಟೆಯೂ ಹೊಡೆಯಿತು. ಜಾಸ್ಮಿನ ಮೇಡಂ ಬಾಗಿಲಲ್ಲಿ ಬಂದು ನಿಂತಳು.

"ಇವತ್ತು ಇಲ್ಲಂತ."

"ಮತ್ತ ಯಾವಾಗರಿ ಮೇಡಂ?"

"ಆದೇಶ ಬರಬೇಕಂತ. ಹೊಸಾದು ಬರ್ತೈತೋ ಇಲ್ಲೋ, ಅವರಿಗೂ ಗೊತ್ತಿಲ್ಲ ರಾಜಶ್ರೀ." ಅವಳು ರಾಜಶ್ರೀಯ ಭುಜ ಮುಟ್ಟಲು ಹೋಗಿ ಕೈ ಹಿಂದೆ ತೆಗೆದುಕೊಂಡಳು. "ನಡಿ, ನಾನೂ ಬರ್ತೇನಿ. ಸರ್ ಮುಖಾ ನೋಡೂದೈತಿ."

"ಬರ್ರಿ. ಆದ್ರ ಅಲ್ಲಿ ಏನೂ ಹೇಳಬ್ಯಾಡ್ರಿ."

*

ಓಣಿಯ ಒಂದು ಮನೆಯಲ್ಲೂ ಹೊಗೆ ಇರಲಿಲ್ಲ. ಮುದುಕರು ಗೋಡೆಯ ನೆರಳಿಗೆ ಒತ್ತಿಕೊಂಡು ಕೂತಿದ್ದರು. ಹಸಿವಿಗೆ ತಲೆ ಸುತ್ತಿದ ಒಬ್ಬ ಬಸುರಿಯನ್ನು ಮುಖಕ್ಕೆ ನೀರು ತಟ್ಟಿ ಬೇವಿನ ಬುಡದಲ್ಲಿ ಮಲಗಿಸಿದ್ದರು. ಬಂಡೆಪ್ಪ ತನ್ನ ಕಂಬಳಿಯನ್ನು ಎರಡು ಕೋಲಿಗೆ ಕಟ್ಟಿ ತಮ್ಮನ ಮೇಲೆ ನೆರಳು ಹಿಡಿದು ನಿಂತಿದ್ದ. ಅಷ್ಟು ಹೊತ್ತೂ ಅವನು ಆ ಕೋಲುಗಳನ್ನು ಬೇರೆಯವರಿಗೆ ಕೊಟ್ಟಿರಲಿಲ್ಲ.

ಫಕ್ರುಸಾಬನ ಬೈಕು ಕಂಡದ್ದೇ ಹನಮವ್ವ ಎದ್ದಳು. "ಬಂದಳು, ಬಂದಳು! ಹೆಂಗ ಬರದೆ ಯವ್ವಾ?"

ಓಣಿಗೆ ಓಣಿಯೇ ಕತ್ತೆತ್ತಿ ಅವಳನ್ನು ನೋಡಿತು. ಹಸಿದ ಆ ಮುಖಗಳಿಗೆ ಏನಂತ ಹೇಳುವುದು!

"ಚೊಲೊ ಬರದೇನಿ," ಅಂದಳು ರಾಜಶ್ರೀ.

ಜಾಸ್ಮಿನ ಮೇಡಂ ನೆಲ ನೋಡಿದಳು. ಸುಂದರವ್ವ ಗಂಡನ ಕಿವಿಯ ಹತ್ತಿರ ಬಾಗಿ ಜೋರಾಗಿ ಹೇಳಿದಳು. "ಕೇಳಿದ್ರಿಲ್ಲ? ಬರದಾಳಂತ. ಚೊಲೊ ಬರದಾಳಂತ. ಇನ್ನ ಹೋಗ್ರಿ."

ಆಮೇಲೆ ಡೊಳ್ಳು ಬಡಿದರು, ಎತ್ತಿದರು. ಹೊಲದ ಬದುವಿನ ಕುಣಿಯಲ್ಲಿ ಅವನನ್ನು ಮತ್ತೆ ಕೂರಿಸಿದರು. ರಾಜಶ್ರೀ ಮಣ್ಣಿಗೆ ಬಾಗಿದಾಗ ಬಂಡೆಪ್ಪ ಅವಳ ಕೈ ತಡೆದ.

"ಪೆನ್ನ ಎಲ್ಲೈತಿ? ಮೊದಲ ಅದನ್ನ ಇಡು. ಮಗಳು ಪರೀಕ್ಷಾ ಬರದ ಪೆನ್ನು, ಅವನ ಕಿಸೆದಾಗ ಇರಲಿ."

ಇಬ್ಬರು ಅವಳ ತೋಳು ಹಿಡಿದು ಕೆಳಗಿಳಿಸಿದರು. ಅವಳು ಅಪ್ಪನ ಬಿಳಿ ಅಂಗಿಯ ಕಿಸೆಗೆ ಪೆನ್ನು ಸಿಕ್ಕಿಸಿ ಮೇಲೆ ಬಂದಳು. ಮೊದಲ ಹಿಡಿ ಹಾಕಿದಳು. ಹಿಂದೆಯೇ ಎಲ್ಲರ ಕೈಗಳಿಂದ ಮಣ್ಣು ಬಿದ್ದು ತೊಡೆ ಮುಚ್ಚಿತು, ಎದೆ ಮುಚ್ಚಿತು. ಮಣ್ಣಿನಡಿ ಕಿಸೆಯಲ್ಲಿ ಪೆನ್ನು, ಪೆನ್ನಿನ ಮೂತಿಯ ಮೇಲೆ ಒಡೆಯದ ಮೇಣದ ಹನಿ.