ಹತ್ತು ಸಾವಿರದ ನಾನೂರ ಮೂರು

ಹಳೆಯ ಈಜುಕೊಳ ಒಡೆಯುವಾಗ ಅದರ ನೀಲಿ ಗಾಜಿನ ಚೌಕ ಬಿಲ್ಲೆಗಳನ್ನು ನಾನೂ ಅಕ್ಕನೂ ಬಿಡಿಸಿ ತಂದೆವು. ಅವನ್ನು ಕೂರಿಸಿದ್ದು ನಮ್ಮಪ್ಪ. ಆ ನೀಲಿಯನ್ನು ಈಗ ಯಾರೂ ಮಾಡುವುದಿಲ್ಲ. ಹೊಸ ಗ್ರಂಥಾಲಯದ ಗೋಡೆಗೆ ಅದರದೇ ಒಂದು ಚೌಕ: ಸಾಲಿಗೆ ನೂರ ಎರಡು, ಅಂಥವು ನೂರ ಎರಡು ಸಾಲು. ನೆಲದ ಮೇಲೆ ಜೋಡಿಸುತ್ತ ಬಂದು ಕೊನೆಯ ಮೂಲೆಗೆ ಕೈ ಹಾಕಿದರೆ ಡಬ್ಬಿ ಖಾಲಿ. ನಮ್ಮ ಕಸುಬಿನಲ್ಲಿ ಬಿಲ್ಲೆ ಎಣಿಸುವುದಿಲ್ಲ, ತೂಗುತ್ತೇವೆ. ಬೆನ್ನಿಗಂಟಿದ ಹಳೆ ಸಿಮೆಂಟನ್ನೂ ಬಿಲ್ಲೆಯೆಂದೇ ತೂಗಿದ್ದೆವು.

ಮೇಸ್ತ್ರಿ ಬಂದು ನೋಡಿದರು. "ಒಂದೇ ತಾನೆ? ಅಂಗಡೀಲಿ ಸಿಗೋ ನೀಲಿ ಅಂಟಿಸು. ಇಲ್ಲಾ ಆ ಸಾಲನ್ನೇ ತೆಗೆದು ಬಿಸಾಕು."

"ಅಪ್ಪ ಕೂರಿಸಿದ್ದನ್ನ ಬಿಸಾಕ್ಬೇಕಾ? ನನ್ನ ಕೈಲಾಗಲ್ಲ!"

"ನೀನು ಕೂಗಾಡಿದ್ರೆ ಬಿಲ್ಲೆ ಮರಿ ಹಾಕುತ್ತೇನಯ್ಯಾ? ಬೆಳಿಗ್ಗೆ ಬಡಗಿ ಚೌಕಟ್ಟಿನ ಅಳತೆಗೆ ಬರ್ತಾನೆ. ಚೌಕವೋ ಉದ್ದವೋ, ಅಷ್ಟರೊಳಗೆ ಆ ತೂತು ಹೋಗಿರ್ಬೇಕು. ಇಲ್ದಿದ್ರೆ ಅಂಗಡಿದು ನಾನೇ ಅಂಟಿಸ್ತೀನಿ."

ಇರುವ ಬಿಲ್ಲೆಗಳನ್ನು ಬೇರೆ ಅಳತೆಯ ಸಮ ಸಾಲುಗಳಾಗಿ ಹಂಚಬಹುದೇ ಎಂದು ಸಿಮೆಂಟಿನ ಚೀಲದ ಮೇಲೆ ಭಾಗಾಕಾರ ಶುರು ಮಾಡಿದೆ. ಹತ್ತು ಸಾವಿರದ ನಾನೂರ ಮೂರು. ಎರಡರಿಂದ ಹೋಗದು, ಮೂರರಿಂದ ಹೋಗದು. ಏಳರಿಂದ ಭಾಗಿಸಿದರೆ ಒಂದು ಉಳಿಯಿತು, ಹದಿಮೂರರಿಂದ ಮೂರು. ಇಪ್ಪತ್ತಮೂರಕ್ಕೆ ಬರುವಷ್ಟರಲ್ಲಿ ಪೆನ್ಸಿಲ್ ಮುರಿದೆ.

"ದರಿದ್ರ ಸಂಖ್ಯೆ! ಯಾರ ಮಾತೂ ಕೇಳಲ್ಲ."

"ಥೇಟ್ ನಿನ್ನ ಹಾಗೇ," ಎಂದು ಅಕ್ಕ ಕುಕ್ಕರಗಾಲಲ್ಲಿ ಕೂತಳು. "ಈ ಕೊನೆ ಸಾಲಲ್ಲಿ ಎಷ್ಟಿದೆ?"

"ನೂರ ಒಂದು."

"ಅದನ್ನ ಬಿಟ್ರೆ ಎಷ್ಟು ಸಾಲು?"

"ನೂರ..." ಬಾಯಿ ಅಲ್ಲಿಗೇ ನಿಂತಿತು. ಅದೂ ನೂರ ಒಂದೇ!

"ಮತ್ತೆ ನೋಡ್ತಾ ಕೂತಿದೀಯಲ್ಲೋ ಕೋತಿ. ಎತ್ತಿ ಪಕ್ಕಕ್ಕೆ ನಿಲ್ಲಿಸು."

ಅಡ್ಡ ಮಲಗಿದ್ದ ಸಾಲು ಬಲಗಡೆ ಉದ್ದಕ್ಕೆ ಎದ್ದು ನಿಂತಿತು. ಅಗಲ ನೂರ ಮೂರು, ಎತ್ತರ ನೂರ ಒಂದು. ಎಲ್ಲೂ ತೂತಿಲ್ಲ, ಒಂದೂ ಮಿಕ್ಕಿಲ್ಲ. ಯಾವ ಚೌಕದಿಂದ ಒಂದು ಕಳೆದುಹೋದರೂ ಹೀಗೇ: ಒಂದು ಕಡೆ ಒಂದು ಕಮ್ಮಿ, ಇನ್ನೊಂದು ಕಡೆ ಒಂದು ಜಾಸ್ತಿ. ಶಾಲೆಯಲ್ಲಿ ಎ ವರ್ಗ ಮೈನಸ್ ಬಿ ವರ್ಗ ಒಪ್ಪಿಸಲಾಗದೆ ಬೆಂಚು ಹತ್ತಿ ನಿಂತವನು ನಾನು. ಆ ಮೇಷ್ಟ್ರು ಒಂದು ದಿನ, ಒಂದೇ ಒಂದು ದಿನ, ಮೇಜಿನ ಮೇಲೆ ಹಿಡಿ ಬಿಲ್ಲೆ ಸುರಿಯಬಾರದಿತ್ತೇ?

ನೂರ ಒಂದನ್ನಾಗಲಿ ನೂರ ಮೂರನ್ನಾಗಲಿ ಯಾರೂ ಸಮವಾಗಿ ಒಡೆಯಲಾರರು. ಹಾಗಾಗಿ, ಒಂದೇ ಎಳೆಯಾಗಿ ಉದ್ದಕ್ಕೆ ಮಲಗಿಸದಿದ್ದರೆ, ಅಪ್ಪನ ಅಷ್ಟೂ ಬಿಲ್ಲೆಗೆ ಈ ಲೋಕದಲ್ಲಿ ಇದ್ದದ್ದು ಇದೊಂದೇ ಗೋಡೆ. ಬೈದದ್ದಕ್ಕೆ ಆ ಸಂಖ್ಯೆಯ ಕಾಲು ಹಿಡಿಯೋಣ ಎನ್ನಿಸಿತು.

ಬೆಳಿಗ್ಗೆ ಮೇಸ್ತ್ರಿ ಬಗ್ಗಿ ಎರಡು ಸುತ್ತು ಹಾಕಿದರು. "ತೂತು ಎಲ್ಲಮ್ಮಾ?"

"ಹುಡುಕಿ," ಎಂದಳು ಅಕ್ಕ.

ಅವರು ಇನ್ನೊಂದು ಸುತ್ತು ಹಾಕಿ ಬಡಗಿಯ ಕಡೆ ತಿರುಗಿದರು. "ಎತ್ತರಕ್ಕಿಂತ ಅಗಲ ಎರಡು ಬಿಲ್ಲೆ ಜಾಸ್ತಿ ಇದೆ. ಅದರ ಪ್ರಕಾರಾನೇ ಮರ ಕುಯ್ಯಪ್ಪ."